‘ಬಾ’ ಅಂದರೆ ಓಡಿ ಬರಬೇಕು: ಕೋಲಿಲ್ಲದೆ ನಾಯಿಗೆ ಕಲಿಸುವುದು ಹೇಗೆ?

ನಮ್ಮ ಮನೆ ಶಿರಸಿಯಿಂದ ಸ್ವಲ್ಪ ದೂರ. ಕೆಳಗೆ ಅಡಿಕೆ ತೋಟ, ಮೇಲೆ ಸೊಪ್ಪಿನ ಬೆಟ್ಟ. ಇಂಥ ಕಡೆ ನಾಯಿ ಇಲ್ಲದ ಮನೆ ಸಿಗುವುದು ಕಷ್ಟ. ಮಂಗ ಓಡಿಸಲು ನಾಯಿ ಬೇಕು, ರಾತ್ರಿ ಹಂದಿ ಬಂದರೆ ತಿಳಿಸಲು ನಾಯಿ ಬೇಕು. ಆದರೆ ಅದಕ್ಕೆ ಕೂತು ಏನಾದರೂ ಕಲಿಸಬೇಕು ಅಂತ ನಮಗೆ ಅನ್ನಿಸಿದ್ದು ಕಡಿಮೆ. ತಪ್ಪು ಮಾಡಿದರೆ ಕೋಲು, ಅಷ್ಟೇ. ‘ಎರಡು ಬಾರ್ಸಿದ್ರೆ ತಾನೇ ಸರಿ ಆಗ್ತು’ ಅನ್ನುವುದು ಎಲ್ಲರ ಬಾಯಲ್ಲೂ ಇದ್ದ ಮಾತು.

ಮೊದಲು ನಮ್ಮಲ್ಲಿ ಕರಿಯ ಅಂತ ಒಂದು ನಾಯಿ ಇತ್ತು. ಚಪ್ಪಲಿ ಕಚ್ಚುವ ಚಾಳಿ ಅದಕ್ಕೆ. ಹರಿದ ಚಪ್ಪಲಿ ಕಂಡ ಕೂಡಲೇ ಅಪ್ಪಯ್ಯ ಅಂಗಳದಲ್ಲಿ ನಿಂತು ‘ಕರಿಯಾ, ಬಾ ಇಲ್ಲಿ’ ಅಂತ ಕರೆಯುತ್ತಿದ್ದರು. ಅದು ಬಾಲ ಆಡಿಸುತ್ತಾ ಬರುತ್ತಿತ್ತು. ಬಂದದ್ದೇ ತಡ, ಬೆನ್ನಿಗೆ ಏಟು. ನಾನೂ ಹಾಗೇ ಮಾಡಿದ್ದೇನೆ, ಒಂದೆರಡು ಸಲವಲ್ಲ. ಕೊನೆಗೆ ಕರಿಯ ಪಾಠ ಕಲಿತೇಬಿಟ್ಟಿತು. ಚಪ್ಪಲಿ ಕಚ್ಚಬಾರದು ಅಂತಲ್ಲ, ಕರೆದರೆ ಹೋಗಬಾರದು ಅಂತ.

ಒಂದು ಮಳೆಗಾಲದ ಸಂಜೆ ಬೆಟ್ಟದ ಅಂಚಿಗೆ ಚಿರತೆ ಬಂದಿದೆ ಅಂತ ಸುದ್ದಿಯಾಯಿತು. ಟಾರ್ಚ್ ಹಿಡಿದು ಕರಿಯನನ್ನು ಕರೆದೆವು. ದಣಪೆಯ (ಬೇಲಿಯ ಬಾಗಿಲಿನ) ಆಚೆ ಅದರ ಕಣ್ಣು ಹೊಳೆಯುತ್ತಿತ್ತು. ತಲೆ ತಗ್ಗಿಸಿ, ಬಾಲವನ್ನು ಕಾಲ ಸಂದಿಗೆ ಸೇರಿಸಿಕೊಂಡು ನಿಂತಿತ್ತು. ನಾವು ಒಂದು ಹೆಜ್ಜೆ ಮುಂದಿಟ್ಟರೆ ಅದು ಎರಡು ಹೆಜ್ಜೆ ಹಿಂದೆ ಹೋಯಿತು. ಬೆಳಿಗ್ಗೆ ಅದರ ಬೆಲ್ಟ್ ಮಾತ್ರ ಸಿಕ್ಕಿತು.

ಅದಕ್ಕೇ ಈ ಲೇಖನದಲ್ಲಿ ನಾನು ಹೇಳಿಕೊಡುವುದು ಒಂದೇ ಒಂದು ಪಾಠ. ಕರೆದರೆ ಬರುವುದು. ಕೂರು, ಮಲಗು, ಕೈ ಕೊಡು ಎಲ್ಲ ಆಮೇಲೆ ಕಲಿಯಲಿ. ಶಿರಸಿಯಲ್ಲಿ ಚಿರತೆ, ಕಾರವಾರದಲ್ಲಿ 66ನೇ ಹೆದ್ದಾರಿಯ ಲಾರಿ. ಎರಡರಿಂದಲೂ ನಾಯಿಯನ್ನು ಉಳಿಸುವುದು ಈ ಒಂದು ಮಾತು.

ಕೋಲಿನ ವಾದ ಎಲ್ಲಿಂದ ಬಂತು?

‘ಛಡಿ ಛಂ ಛಂ, ವಿದ್ಯಾ ಘಂ ಘಂ’ ಅಂತ ಹೇಳಿ ಮಕ್ಕಳಿಗೇ ಬಾರಿಸುತ್ತಿದ್ದ ಕಾಲವಿತ್ತು, ನಾಯಿಯನ್ನು ಬಿಡುತ್ತಾರೆಯೇ? ಹೊರದೇಶದಲ್ಲೂ ಹಾಗೇ ಇತ್ತು. ಜರ್ಮನಿಯಲ್ಲಿ ಪೊಲೀಸ್ ನಾಯಿಗಳಿಗೆ ಕಲಿಸುತ್ತಿದ್ದ ಕೊನ್ರಾಡ್ ಮೋಸ್ಟ್ 1910ರಲ್ಲಿ ಒಂದು ಕೈಪಿಡಿ ಬರೆದರು. ಮುಳ್ಳಿನ ಪಟ್ಟಿ, ಬೆತ್ತ ಎರಡಕ್ಕೂ ಅದರಲ್ಲಿ ಜಾಗವಿತ್ತು. 1947ರಲ್ಲಿ ರುಡಾಲ್ಫ್ ಶೆಂಕೆಲ್ ಅನ್ನುವವರು ಬೋನಿನಲ್ಲಿಟ್ಟ ತೋಳಗಳನ್ನು ನೋಡಿ, ಅವು ಯಜಮಾನಿಕೆಗಾಗಿ ಕಾದಾಡುತ್ತವೆ ಅಂತ ಬರೆದರು. ‘ನಾಯಿಗೆ ನೀನೇ ಯಜಮಾನ ಅಂತ ತೋರಿಸು, ಇಲ್ಲದಿದ್ದರೆ ಅದು ತಲೆ ಮೇಲೆ ಕೂರುತ್ತದೆ’ ಅನ್ನುವ ಮಾತಿಗೆ ಅಲ್ಲಿಂದ ಬಲ ಬಂತು.

ಆದರೆ ಕಾಡಿನ ತೋಳಗಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಡೇವಿಡ್ ಮೆಕ್ 1999ರಲ್ಲಿ ಬೇರೆಯದೇ ಚಿತ್ರ ಕೊಟ್ಟರು. ಕಾಡಿನ ತೋಳದ ಗುಂಪು ಅಂದರೆ ಅಪ್ಪ, ಅಮ್ಮ, ಮರಿಗಳಿರುವ ಒಂದು ಸಂಸಾರ. ಅಲ್ಲಿ ಪಟ್ಟಕ್ಕಾಗಿ ದಿನವೂ ಹೊಡೆದಾಟ ನಡೆಯುವುದಿಲ್ಲ. ಗುರುತಿಲ್ಲದ ತೋಳಗಳನ್ನು ಒಂದೇ ಬೋನಿಗೆ ತುಂಬಿದರೆ ಕಚ್ಚಾಡದೆ ಇನ್ನೇನು ಮಾಡುತ್ತವೆ, ಅಲ್ವಾ?

2020ರಲ್ಲಿ ಪೋರ್ಚುಗಲ್‌ನಲ್ಲಿ ನಡೆದ ಅಧ್ಯಯನವೊಂದು ನನಗೆ ಜಾಸ್ತಿ ನಾಟಿತು. ಏಳು ತರಬೇತಿ ಶಾಲೆಗಳ 92 ನಾಯಿಗಳನ್ನು ನೋಡಿದರು. ಜಗ್ಗಿ, ಗದರಿಸಿ ಕಲಿಸುವ ಶಾಲೆಯ ನಾಯಿಗಳು ಪಾಠದ ಹೊತ್ತಿನಲ್ಲಿ ಜಾಸ್ತಿ ತುಟಿ ನೆಕ್ಕಿಕೊಳ್ಳುತ್ತಿದ್ದವು, ಆಕಳಿಸುತ್ತಿದ್ದವು, ಏದುಸಿರು ಬಿಡುತ್ತಿದ್ದವು. ಪಾಠ ಮುಗಿದ ಮೇಲೆ ಅವುಗಳ ಜೊಲ್ಲಿನಲ್ಲಿ ಕಾರ್ಟಿಸಾಲ್, ಅಂದರೆ ಒತ್ತಡದ ಹಾರ್ಮೋನು, ಏರಿತ್ತು. ತಿಂಡಿ ಕೊಟ್ಟು ಕಲಿಸಿದ ನಾಯಿಗಳಲ್ಲಿ ಹಾಗಾಗಲಿಲ್ಲ. ಹೊಡೆತ ತಿಂದ ಕರಿಯ ಆಕಳಿಸುವುದನ್ನು ನಾವು ‘ಸೋಮಾರಿ’ ಅಂತ ಬೈಯುತ್ತಿದ್ದೆವು. ಅದು ಹೆದರಿಕೆ ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ.

ಕೋಲು ಹಿಡಿಯುವವರ ಮಾತಿನಲ್ಲಿ ಸತ್ಯವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಹೊಡೆದರೆ ನಾಯಿ ಆ ಕ್ಷಣಕ್ಕೆ ನಿಲ್ಲಿಸುತ್ತದೆ. ಅದು ಕಣ್ಣಿಗೆ ಕಾಣುತ್ತದೆ, ಹಾಗಾಗಿಯೇ ನಂಬಿಕೆ ಬರುತ್ತದೆ. ಆದರೆ ಗುರ್ ಅಂದಿದ್ದಕ್ಕೆ ಹೊಡೆದರೆ ನಾಯಿ ಗುರ್ ಅನ್ನುವುದನ್ನು ಬಿಡಬಹುದು, ಸಿಟ್ಟು ಒಳಗೇ ಉಳಿಯುತ್ತದೆ. ಮುಂದೆ ಒಂದು ದಿನ ಸುಳಿವೇ ಕೊಡದೆ ಕಚ್ಚಬಹುದು. ಇನ್ನು ‘ಪೊಲೀಸ್ ನಾಯಿಗೆ ಹೊಡೆದೇ ಕಲಿಸುವುದು’ ಅನ್ನುತ್ತಾರಲ್ಲ, ಬಾಂಬಿನ ವಾಸನೆ ಹಿಡಿಯುವ ನಾಯಿ ದುಡಿಯುವುದು ಕೊನೆಗೆ ಸಿಗುವ ಒಂದು ಚೆಂಡಿಗಾಗಿ ಅಥವಾ ಒಂದು ತುತ್ತಿಗಾಗಿ.

ಮೊದಲ ಹೆಜ್ಜೆ: ತುತ್ತು ಮತ್ತು ಮಾತು

ಈಗ ನಮ್ಮಲ್ಲಿರುವುದು ಬೆಳ್ಳಿ. ಊರ ನಾಯಿಯ ಮರಿ. ಅದಕ್ಕೆ ಕಲಿಸಿದ ಕ್ರಮವನ್ನೇ ಹೇಳುತ್ತೇನೆ.

ನಾಯಿಗೆ ಬಹಳ ಇಷ್ಟವಾದ ತಿನಿಸು ಯಾವುದು ಅಂತ ಮೊದಲು ಹುಡುಕಿ. ಅಂಗಡಿಯ ಬಿಸ್ಕತ್ತೇ ಆಗಬೇಕೆಂದಿಲ್ಲ. ಬೆಳ್ಳಿಗೆ ಬೆಳಗಿನ ತೆಳ್ಳೇವು (ತೆಳ್ಳನೆಯ ದೋಸೆ) ಅಂದರೆ ಪ್ರಾಣ. ಪನೀರ್ ಆದರೂ ನಡೆಯುತ್ತದೆ. ಕಾರವಾರದ ಕಡೆಯವರು ಉಪ್ಪು ಖಾರ ಹಾಕದೆ ಬೇಯಿಸಿದ ಬಂಗಡೆಯನ್ನು ಮುಳ್ಳು ಬಿಡಿಸಿ ಕೊಡಬಹುದು. ಒಣ ಮೀನು ಬೇಡ, ಉಪ್ಪು ಜಾಸ್ತಿ. ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ. ಬೇಯಿಸಿದ ಮೂಳೆಯೂ ಬೇಡ, ಸೀಳಿ ಗಂಟಲಿಗೆ ಚುಚ್ಚುತ್ತದೆ.

ಚೂರು ಕಡಲೆ ಕಾಳಿನಷ್ಟಿದ್ದರೆ ಸಾಕು. ಬಾಗಿಲು ಹಾಕಿದ ಕೋಣೆಯಲ್ಲಿ ನಾಯಿಯ ಪಕ್ಕ ಕೂತು, ಒಂದೇ ಸಲ ‘ಬಾ’ ಅನ್ನಿ, ಕೂಡಲೇ ಚೂರು ಬಾಯಿಗೆ ಕೊಡಿ. ಅದು ಏನೂ ಮಾಡಬೇಕಾಗಿಲ್ಲ. ಹತ್ತು ಸಲ ಹೀಗೆ ಮಾಡಿ, ಎದ್ದು ಹೋಗಿ. ದಿನಕ್ಕೆ ಮೂರು ಹೊತ್ತು, ಪ್ರತಿ ಸಲ ಐದು ನಿಮಿಷಕ್ಕಿಂತ ಜಾಸ್ತಿ ಬೇಡ. ರಷ್ಯಾದ ವಿಜ್ಞಾನಿ ಪಾವ್ಲೋವ್ ನಾಯಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದು ಇದನ್ನೇ. ಊಟದ ಮುಂಚೆ ಬರುವ ಸದ್ದಿಗೇ ನಾಯಿಯ ಬಾಯಲ್ಲಿ ನೀರೂರುತ್ತದೆ. ನಮಗೆ ಆ ಸದ್ದು ‘ಬಾ’ ಆಗಬೇಕು.

ಎರಡನೆಯದು: ತಿರುಗಿದ ಕ್ಷಣ ಹಿಡಿಯಿರಿ

ಇದು ಎಲ್ಲಕ್ಕಿಂತ ಮುಖ್ಯ. ಮೂರು ನಾಲ್ಕು ದಿನದ ಮೇಲೆ ನಾಯಿ ಬೇರೆ ಕಡೆ ನೋಡುತ್ತಿರುವಾಗ ಹೆಸರು ಹಿಡಿದು ಕರೆಯಿರಿ. ಬೆಳ್ಳಿ ಆಗ ಜಗಲಿಯ ಕಂಬದ ಬುಡ ಮೂಸುತ್ತಿತ್ತು. ‘ಬೆಳ್ಳಿ, ಬಾ’ ಅಂದೆ. ಮೊದಲು ಎಡಗಿವಿ ನಿಮಿರಿತು. ಆಮೇಲೆ ಮೂಗು ನೆಲದಿಂದ ಮೇಲೆ ಬಂತು. ಕುತ್ತಿಗೆ ನನ್ನ ಕಡೆ ತಿರುಗಿತು. ಆ ಕ್ಷಣಕ್ಕೇ ‘ಭೇಷ್’ ಅಂದೆ. ಆ ಮಾತು ಕೇಳಿದ್ದೇ, ಉಳಿದ ನಾಲ್ಕು ಮಾರು ದೂರವನ್ನು ಅದು ಓಡಿಯೇ ಬಂತು. ಚೂರು ಸಿಕ್ಕಿತು.

‘ಭೇಷ್’ ಅನ್ನುವುದು ತಡವಾಗಬಾರದು. ನಾಯಿ ಬಂದು, ಪಕ್ಕದಲ್ಲಿ ಹೋದ ಕೋಳಿಯನ್ನು ನೋಡಿದ ಮೇಲೆ ನೀವು ಹೊಗಳಿದರೆ, ಕೋಳಿ ನೋಡಿದ್ದಕ್ಕೇ ಹೊಗಳಿದರು ಅಂದುಕೊಳ್ಳುತ್ತದೆ. ಒಂದು ಸೆಕೆಂಡಿನ ಒಳಗೆ ಮಾತು ಬರಲಿ, ಅದರ ಹಿಂದೆಯೇ ತಿಂಡಿ ಬರಲಿ.

‘ಬಾ ಬಾ ಬಾ’ ಅಂತ ಕೂಗುತ್ತಲೇ ಇರಬೇಡಿ. ಹತ್ತು ಸಲ ಕೂಗಿದರೆ ಹತ್ತನೆಯ ಸಲಕ್ಕೆ ಬಂದರಾಯಿತು ಅಂತ ಅದು ಲೆಕ್ಕ ಹಾಕುತ್ತದೆ. ಒಂದು ಸಲ ಕರೆದಾಗ ಬರಲಿಲ್ಲವೇ? ಕುಕ್ಕರಗಾಲಲ್ಲಿ ಕೂತು ತೊಡೆ ತಟ್ಟಿ. ಇಲ್ಲವೇ ಅದಕ್ಕೆ ಬೆನ್ನು ಹಾಕಿ ಓಡಿ, ಹಿಂದೆ ಬಂದೇ ಬರುತ್ತದೆ.

ಮೂರನೆಯದು: ಬಾವಿ ಹಗ್ಗ

ಮನೆಯೊಳಗೆ ಹತ್ತಕ್ಕೆ ಒಂಬತ್ತು ಸಲ ಬರುತ್ತಿದೆ ಅಂದಾಗ ಅಂಗಳಕ್ಕೆ ಇಳಿಯಿರಿ. ಹಳೆಯ ಬಾವಿ ಹಗ್ಗ ಐದಾರು ಮೀಟರ್ ಇದ್ದರೆ ಸಾಕು. ಅದನ್ನು ಕುತ್ತಿಗೆಯ ಬೆಲ್ಟಿಗೆ ಕಟ್ಟಬೇಡಿ, ಎದೆಗೆ ಹಾಕುವ ಪಟ್ಟಿಗೆ ಕಟ್ಟಿ. ಹಗ್ಗ ಇರುವುದು ನಾಯಿ ಕೈಬಿಟ್ಟು ಹೋಗದಿರಲಿ ಅಂತ, ಜಗ್ಗಿ ಎಳೆಯಲಿಕ್ಕಲ್ಲ.

ಆಮೇಲೆ ಒಂದೊಂದೇ ತೊಡಕು ಸೇರಿಸಿ. ಕೊಟ್ಟಿಗೆ ಹತ್ತಿರ, ತೋಟದ ದಾರಿಯಲ್ಲಿ, ಪಕ್ಕದ ಮನೆಯ ನಾಯಿ ದೂರದಲ್ಲಿ ಕಾಣುವಾಗ. ಎರಡು ತಿಂಗಳ ಮೇಲೆ ಬೆಳ್ಳಿಯನ್ನು ಕಾರವಾರಕ್ಕೆ, ಅಕ್ಕನ ಮನೆಗೆ ಕರೆದುಕೊಂಡು ಹೋಗಿದ್ದೆ. ಟ್ಯಾಗೋರ್ ಕಡಲತೀರದಲ್ಲಿ ಅದರ ಮೂಗಿಗೆ ಹುಚ್ಚು ಹಿಡಿದಂತಾಯಿತು. ಸತ್ತ ಏಡಿ, ಬಲೆಯ ವಾಸನೆ, ಮರಳಲ್ಲಿ ಓಡುವ ಮಕ್ಕಳು. ನಾನು ಕರೆದದ್ದು ಅದಕ್ಕೆ ಕೇಳಿಸಲೇ ಇಲ್ಲ. ಅದು ಹಟವಲ್ಲ. ಅಂಗಳದಲ್ಲಿ ಕಲಿತದ್ದು ಕಡಲತೀರಕ್ಕೆ ತಾನಾಗಿ ಬರುವುದಿಲ್ಲ, ಅಷ್ಟೇ. ಅಲ್ಲಿ ಮತ್ತೆ ಮೊದಲಿನಿಂದ, ಎರಡು ಮಾರು ದೂರದಿಂದ ಶುರುಮಾಡಿದೆ. ಅಕ್ಕ ಬೇಯಿಸಿಕೊಟ್ಟ ಬಂಗಡೆ ಆ ದಿನ ತುಂಬಾ ಕೆಲಸಕ್ಕೆ ಬಂತು.

ಪೂರ್ತಿ ಕಲಿತ ಮೇಲೆ ಪ್ರತಿ ಸಲ ತಿಂಡಿ ಬೇಕಾಗಿಲ್ಲ. ಒಮ್ಮೆ ತಿಂಡಿ, ಒಮ್ಮೆ ಬರೀ ಕಿವಿ ಹಿಂದೆ ತುರಿಸುವುದು. ಯಾವಾಗ ಏನು ಸಿಗುತ್ತದೆ ಅಂತ ಗೊತ್ತಾಗದಿದ್ದರೆ ನಾಯಿಯ ಆಸೆ ಬತ್ತುವುದಿಲ್ಲ.

ಮಾತನ್ನು ಕೆಡಿಸಬೇಡಿ

ಕರೆದು ಹೊಡೆಯಬೇಡಿ. ಕರೆದು ಸ್ನಾನ ಮಾಡಿಸಬೇಡಿ, ಕರೆದು ಉಣುಗು ಕೀಳಬೇಡಿ, ಕರೆದು ಸರಪಳಿಗೆ ಕಟ್ಟಬೇಡಿ. ಇಂಥ ಕೆಲಸಕ್ಕೆ ನೀವೇ ಅದು ಇದ್ದಲ್ಲಿಗೆ ಹೋಗಿ. ಮನೆಯವರೆಲ್ಲ ಒಂದೇ ಮಾತು ಬಳಸಬೇಕು. ಅಜ್ಜ ‘ಕುರೂ ಕುರೂ’, ಮಗ ‘ಕಮ್’, ಆಯಿ ‘ಬಾರೋ’ ಅಂದರೆ ಪಾಪ, ಅದಕ್ಕೆ ಏನು ಅರ್ಥವಾದೀತು? ನನ್ನ ಪ್ರಕಾರ ಶಿಸ್ತು ಇರಬೇಕಾದದ್ದು ಇಲ್ಲಿ, ನಮ್ಮಲ್ಲಿ. ಊಟದ ಹೊತ್ತಿಗೆ ಬಳಿ ಬಂದು ಕಾಡಿದರೆ ಕೊಡುವುದಿಲ್ಲ ಅಂದರೆ ಯಾರೂ ಕೊಡಬಾರದು. ಚಪ್ಪಲಿ ಕಚ್ಚುತ್ತದೆಯೇ? ಚಪ್ಪಲಿಯನ್ನು ಎತ್ತರದಲ್ಲಿಡಿ, ಅದಕ್ಕೊಂದು ಹಳೆಯ ಗೋಣಿ ತುಂಡು ಗಂಟುಹಾಕಿ ಕೊಡಿ. ಕರಿಯನಿಗೆ ಇಷ್ಟು ಮಾಡಿದ್ದರೆ ಸಾಕಿತ್ತು.

ಹಗಲಿಡೀ ಕೊಟ್ಟಿಗೆ ಕಂಬಕ್ಕೆ ಕಟ್ಟಿದ ನಾಯಿಗೆ ಈ ಪಾಠ ಹತ್ತುವುದು ಕಷ್ಟ. ಬಿಟ್ಟ ಕೂಡಲೇ ದಿಕ್ಕುಗೆಟ್ಟು ಓಡುತ್ತದೆ. ಗಿಡ್ಡ ಸರಪಳಿಯಲ್ಲಿ ಬಹಳ ಹೊತ್ತು ಕಟ್ಟಿಹಾಕುವುದು, ಸದಾ ಕಟ್ಟಿದ ನಾಯಿಯನ್ನು ಓಡಾಡಿಸದೆ ಇರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಅಪರಾಧವೂ ಹೌದು. ಆನ್‌ಲೈನಿನಲ್ಲಿ ಸಿಗುವ, ನಾಯಿಯ ಕುತ್ತಿಗೆಗೆ ಶಾಕ್ ಕೊಡುವ ಕರೆಂಟ್ ಬೆಲ್ಟ್ ತರಲೇಬೇಡಿ. ವೇಲ್ಸ್ ದೇಶ ಅದನ್ನು 2010ರಲ್ಲೇ ನಿಷೇಧಿಸಿದೆ.

ಈಗಾಗಲೇ ಹೊಡೆತ ತಿಂದ ನಾಯಿ ಇದ್ದರೆ?

ಆ ನಾಯಿಗೆ ‘ಬಾ’ ಅನ್ನುವ ಮಾತು ಹಳಸಿಹೋಗಿದೆ. ಅದನ್ನು ಬಿಟ್ಟುಬಿಡಿ. ಸಿಳ್ಳೆ ಹಾಕಿ, ಇಲ್ಲವೇ ಹೊಸ ಮಾತು ತನ್ನಿ. ನೆರೆಮನೆಯ ಐದು ವರ್ಷದ ನಾಯಿಯೊಂದಕ್ಕೆ ನಾನು ಸಿಳ್ಳೆಯಿಂದ ಶುರುಮಾಡಿದೆ. ಮೊದಲ ವಾರ ಚೂರನ್ನು ದೂರಕ್ಕೆ ಎಸೆದು, ನಾನು ಮುಖ ತಿರುಗಿಸಿ ನಿಲ್ಲುತ್ತಿದ್ದೆ. ದಿನಕ್ಕೊಂದು ಗೇಣು ಹತ್ತಿರ ಎಸೆದೆ. ಕೈಯಿಂದ ತಿನ್ನಲು ಅದಕ್ಕೆ ಏಳು ವಾರ ಬೇಕಾಯಿತು. ಹತ್ತಿರ ಬಂದಿತು ಅಂತ ಕೂಡಲೇ ಬೆಲ್ಟಿಗೆ ಕೈ ಹಾಕಬೇಡಿ, ತಲೆಯ ಮೇಲಿಂದ ಕೈ ತರಬೇಡಿ. ಗದ್ದದ ಕೆಳಗೆ ಬೆರಳು ಒಡ್ಡಿ, ಅದೇ ಮುಂದೆ ಬಂದು ಮೂಸುವ ತನಕ ಕಾಯಿರಿ.