ಯೀಸ್ಟ್ ಕೋಶಗಳು ಉತ್ಕರ್ಷಣ ಒತ್ತಡಕ್ಕೆ ಒಗ್ಗಿಕೊಳ್ಳುವುದನ್ನು ಪ್ರಯೋಗದಲ್ಲಿ ಕಾಣುವ ಬಗೆ

ಸ್ಯಾಕರೊಮೈಸಿಸ್ ಸೆರೆವಿಸಿಯೆ ಎಂಬ ಯೀಸ್ಟಿನ ಕೋಶಗಳಿಗೆ ಮೊದಲು ಅಲ್ಪ ಪ್ರಮಾಣದ ಹೈಡ್ರೋಜನ್ ಪೆರಾಕ್ಸೈಡ್ (ಕೋಶದ ಭಾಗಗಳನ್ನು ಉತ್ಕರ್ಷಿಸಿ ಹಾನಿ ಮಾಡುವ, ಅಂದರೆ ಉತ್ಕರ್ಷಣ ಒತ್ತಡ ತರುವ ರಾಸಾಯನಿಕ) ತಾಗಿಸಿದರೆ, ಆಮೇಲೆ ಕೊಡುವ ಮಾರಕ ಪ್ರಮಾಣವನ್ನೂ ಅವುಗಳಲ್ಲಿ ಬಹುಪಾಲು ತಾಳಿಕೊಳ್ಳುತ್ತವೆ. ಸಾಧಾರಣ ಸೂಕ್ಷ್ಮಜೀವಿ ಪ್ರಯೋಗಾಲಯದಲ್ಲೇ ಇದನ್ನು ಮಾಡಿ ನೋಡಬಹುದು.

ಎಲ್ಲಕ್ಕಿಂತ ಹೆಚ್ಚಿನ ಎಚ್ಚರ ಬೇಕಾದದ್ದು ಕೋಶಗಳ ಬೆಳವಣಿಗೆಯ ಹಂತದ ಬಗ್ಗೆ. ರಾತ್ರಿಯಿಡೀ ಬೆಳೆದು ಗ್ಲೂಕೋಸ್ ಮುಗಿಸಿಕೊಂಡ ಕೋಶಗಳಲ್ಲಿ ಎಂಎಸ್ಎನ್2 ಮತ್ತು ಎಂಎಸ್ಎನ್4 ಎಂಬ ನಿಯಂತ್ರಕ ಪ್ರೋಟೀನುಗಳು ಆಗಲೇ ಚುರುಕಾಗಿದ್ದು, ಪೆರಾಕ್ಸೈಡನ್ನು ಒಡೆಯುವ ಕ್ಯಾಟಲೇಸ್‌ನಂತಹ ಕಿಣ್ವಗಳು ಸಂಗ್ರಹವಾಗಿರುವುದರಿಂದ, ಅವು ಯಾವ ಪೂರ್ವಸಿದ್ಧತೆಯೂ ಇಲ್ಲದೆ ಪೆರಾಕ್ಸೈಡನ್ನು ಎದುರಿಸುತ್ತವೆ. ಪ್ರಯೋಗ ಅಲ್ಲಿಗೇ ಕೆಡುತ್ತದೆ. ಆದ್ದರಿಂದ ರಾತ್ರಿಯ ಕೃಷಿಯನ್ನು (ದ್ರವದಲ್ಲಿ ಬೆಳೆಸಿದ ಕೋಶಗಳನ್ನು) ಹೊಸ ವೈಪಿಡಿ ಮಾಧ್ಯಮದಲ್ಲಿ (ಯೀಸ್ಟ್ ಸಾರ, ಪೆಪ್ಟೋನ್, ಗ್ಲೂಕೋಸ್ ಇರುವ ಪೋಷಕ ದ್ರವದಲ್ಲಿ) 600 ನ್ಯಾನೋಮೀಟರ್‌ನ ಓಡಿ (ಕೋಶಗಳ ದಟ್ಟಣೆ ತೋರಿಸುವ ಬೆಳಕಿನ ಅಳತೆ) 0.1ಕ್ಕೆ ತೆಳುವಾಗಿಸಿ, 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಲುಗಾಡಿಸುತ್ತ, ಓಡಿ 0.5ರ ಸುಮಾರಿಗೆ ಬರುವವರೆಗೆ ಬೆಳೆಸಬೇಕು. ಅನಂತರ ಅದನ್ನು 10 ಮಿಲಿಲೀಟರಿನಂತೆ ನಾಲ್ಕು ಫ್ಲಾಸ್ಕುಗಳಿಗೆ ಹಂಚಬೇಕು: ಒಂದಕ್ಕೆ ಏನೂ ಇಲ್ಲ, ಒಂದಕ್ಕೆ ಅಲ್ಪ ಪ್ರಮಾಣ ಮಾತ್ರ, ಒಂದಕ್ಕೆ ಮಾರಕ ಪ್ರಮಾಣ ಮಾತ್ರ, ಕೊನೆಯದಕ್ಕೆ ಎರಡೂ.

ಶೇ 30ರ ಪೆರಾಕ್ಸೈಡ್ ಸುಮಾರು 9.8 ಮೋಲಾರ್ (ಲೀಟರಿಗೆ 9.8 ಮೋಲ್) ಇರುತ್ತದೆ. ಅದು ಚರ್ಮವನ್ನು ಸುಡುವುದರಿಂದ ಕೈಗವಸು ಧರಿಸಿ, ಅದೇ ದಿನ ಕ್ರಿಮಿರಹಿತ ನೀರಿನಲ್ಲಿ ನೂರು ಪಟ್ಟು ತೆಳುವಾಗಿಸಿಕೊಳ್ಳಬೇಕು. ಬೆಳಕು ತಾಗುತ್ತ ಹಳತಾದ ಬಾಟಲಿಯ ಲೇಬಲ್ಲನ್ನು ನಂಬಬಾರದು. ಈ ದ್ರಾವಣದ 20 ಮೈಕ್ರೋಲೀಟರ್ 10 ಮಿಲಿಲೀಟರ್ ಕೃಷಿಗೆ ಬಿದ್ದರೆ ಸುಮಾರು 0.2 ಮಿಲಿಮೋಲಾರ್ ಆಗುತ್ತದೆ. ಅಲ್ಪ ಪ್ರಮಾಣಕ್ಕೆ ಅಷ್ಟು ಸಾಕು.

ಅಲ್ಪ ಪ್ರಮಾಣ ಕೊಟ್ಟ ಮೇಲೆ 45ರಿಂದ 60 ನಿಮಿಷ ಕಾಯಬೇಕು. ಈ ಅವಧಿಯ ಆರಂಭದಲ್ಲೇ ಜಿಪಿಎಕ್ಸ್3 ಎಂಬ ಪ್ರೋಟೀನು ಪೆರಾಕ್ಸೈಡನ್ನು ಗುರುತಿಸಿ, ವೈಎಪಿ1 ಎಂಬ ಇನ್ನೊಂದು ನಿಯಂತ್ರಕ ಪ್ರೋಟೀನಿನ ಸಿಸ್ಟೀನುಗಳ (ಗಂಧಕವುಳ್ಳ ಅಮೈನೋ ಆಮ್ಲಗಳ) ನಡುವೆ ಡೈಸಲ್ಫೈಡ್ ಬಂಧ ಏರ್ಪಡುವಂತೆ ಮಾಡುತ್ತದೆ. ಕೋಶಕೇಂದ್ರದಿಂದ ಹೊರಗೆ ಸಾಗಿಸುವ ಗುರುತು ಇದರಿಂದ ಮರೆಯಾಗಿ, ವೈಎಪಿ1 ಒಳಗೇ ಉಳಿದು ಪೆರಾಕ್ಸೈಡಿನಿಂದ ಕಾಪಾಡುವ ಥಯೋರೆಡಾಕ್ಸಿನ್, ಗ್ಲುಟಥಯೋನ್ ತಯಾರಿಕೆಯ ಕಿಣ್ವ ಮುಂತಾದವುಗಳ ವಂಶವಾಹಿಗಳನ್ನು ಚಾಲೂ ಮಾಡುತ್ತದೆ. ಆ ಪ್ರೋಟೀನುಗಳು ಹೊಸದಾಗಿ ತಯಾರಾಗಬೇಕಾದ್ದರಿಂದಲೇ ಕಾಯಬೇಕಾಗುತ್ತದೆ.

ಮಾರಕ ಪ್ರಮಾಣ ಸೇರಿಸುವ ಮುನ್ನ ಎಲ್ಲ ಫ್ಲಾಸ್ಕುಗಳ ಓಡಿ ಮತ್ತೆ ಅಳೆದು ಸಮಗೊಳಿಸುವುದು ಅಗತ್ಯ, ಏಕೆಂದರೆ ಕೋಶಗಳು ದಟ್ಟವಾದಷ್ಟೂ ಪೆರಾಕ್ಸೈಡ್ ಬೇಗ ಒಡೆದು ಮುಗಿದುಹೋಗಿ ಇಲ್ಲದ ಸಹಿಷ್ಣುತೆ ಕಾಣಿಸುತ್ತದೆ. ಮಾರಕ ಪ್ರಮಾಣ ತಳಿಗೂ ಮಾಧ್ಯಮಕ್ಕೂ ತಕ್ಕಂತೆ ಬದಲಾಗುವುದರಿಂದ, 1ರಿಂದ 10 ಮಿಲಿಮೋಲಾರ್‌ವರೆಗೆ ಮೊದಲೇ ಪರೀಕ್ಷಿಸಿ ನಿಗದಿಪಡಿಸಿಕೊಳ್ಳುವುದು ಒಳಿತು. ಒಂದು ಗಂಟೆಯ ನಂತರ ನಾಲ್ಕನ್ನೂ ಸೆಂಟ್ರಿಫ್ಯೂಜ್ ಮಾಡಿ, ನೀರಿನಲ್ಲಿ ತೊಳೆದು, ಹತ್ತು ಪಟ್ಟಿನ ಸರಣಿಯಲ್ಲಿ ತೆಳುವಾಗಿಸಿ, ಪ್ರತಿಯೊಂದರಿಂದ 5 ಮೈಕ್ರೋಲೀಟರ್ ಹನಿಯನ್ನು ವೈಪಿಡಿ ಅಗರ್ ಪ್ಲೇಟಿನ ಮೇಲೆ ಸಾಲಾಗಿ ಇಡಬೇಕು. ಪಿಪೆಟ್ಟಿನ ತುದಿ ಅಗರನ್ನು ಚುಚ್ಚಬಾರದು. ಹನಿ ಹೀರಿಕೊಂಡ ಬಳಿಕವೇ ಪ್ಲೇಟನ್ನು ಮಗುಚಬೇಕು.

ಎರಡು ದಿನಗಳಲ್ಲಿ, ಮಾರಕ ಪ್ರಮಾಣ ಮಾತ್ರ ಪಡೆದ ಸಾಲು ಬೇಗನೆ ಬರಿದಾಗಿದ್ದು, ಎರಡೂ ಪಡೆದ ಸಾಲು ಇನ್ನೂ ತೆಳುವಾದ ಹನಿಗಳವರೆಗೆ ಬೆಳೆದಿರಬೇಕು. ಅಲ್ಪ ಪ್ರಮಾಣದ ಸಾಲೇ ಕುಗ್ಗಿದ್ದರೆ ಆ ಪ್ರಮಾಣ ಹೆಚ್ಚಾಯಿತೆಂದು ತಿಳಿಯಬೇಕು. ವೈಎಪಿ1 ವಂಶವಾಹಿ ಇಲ್ಲದ ತಳಿ ದೊರೆತರೆ ಜೊತೆಯಲ್ಲೇ ಪರೀಕ್ಷಿಸಬೇಕು: ಅದು ಪೆರಾಕ್ಸೈಡಿಗೆ ಬಹು ಬೇಗ ಸಾಯುವುದರಿಂದ, ಕೊಟ್ಟ ಪೆರಾಕ್ಸೈಡ್ ನಿಜಕ್ಕೂ ಕೆಲಸ ಮಾಡಿದೆಯೇ ಎಂಬುದು ಅದರ ಸಾಲಿನಲ್ಲೇ ಗೊತ್ತಾಗುತ್ತದೆ.