ಪ್ರಸನ್ನನ ಕರ್ನಾಟಕ, ವಿನಯನ ಕರ್ನಾಟಕ: ಕೊನೆಗೂ ತಕ್ಕಡಿ ನಿಂತಿತು

ಕರ್ನಾಟಕದ ರಣಜಿ ಕ್ರಿಕೆಟ್ ತಂಡಗಳಲ್ಲಿ ಎಲ್ಲಕ್ಕಿಂತ ಮೇಲು ಯಾವುದು? ನಮ್ಮ ಕ್ಲಬ್ಬಿನ ಹಿರಿಯರಿಗೆ ಪ್ರಸನ್ನ ನಾಯಕನಾಗಿದ್ದ 1973-74ರ ತಂಡ ಬಿಟ್ಟರೆ ಮಿಕ್ಕಿದ್ದು ತಂಡವೇ ಅಲ್ಲ. ಹುಡುಗರು ವಿನಯ್ ಕುಮಾರ್ ನಾಯಕತ್ವದ 2014-15ರ ತಂಡದ ಕಡೆ. "ಪಿಚ್ ಬೇರೆ, ಕಾಲ ಬೇರೆ, ಎಕ್ಸೆಲ್‌ನಲ್ಲಿ ಅಳೀತೀಯೇನಯ್ಯಾ?" ಅಂತ ಇಬ್ಬರೂ ನಕ್ಕರು. ಮೂರು ವರ್ಷ ಹಿಡಿಯಿತು, ಅಳೆದೆ.

ಮೊದಲ ವರ್ಷ ದಂಡ. ಬರೀ ಸರಾಸರಿಗಳನ್ನು ಎದುರುಬದುರು ಇಟ್ಟಿದ್ದೆ. 2014-15ರ ಫೈನಲ್‌ನ 762 (ಕರುಣ್ ನಾಯರ್ 328, ರಾಹುಲ್ 188) ಎಲ್ಲವನ್ನೂ ನುಂಗಿತು. ಅದರ ಬೆನ್ನಿಗೇ 1981-82ರ ಫೈನಲ್‌ನಲ್ಲಿ ನಾವು ಹೊಡೆದ 705 ಮೇಲೇರಿ ಕೂತಿತು. ಆದರೆ ಸ್ವಾಮಿ, ಆ ಪಂದ್ಯದಲ್ಲಿ ದೆಹಲಿ 707 ಹೊಡೆದು ಟ್ರೋಫಿ ಒಯ್ದಿತ್ತು! ಅವತ್ತು ರಾತ್ರಿಯೇ ಫೈಲ್ ಅಳಿಸಿದೆ.

ಎರಡನೇ ಸಲ ಎಂಟ್ರಿಗೆ ಹುಡುಗನೊಬ್ಬನನ್ನು ಇಟ್ಟುಕೊಂಡೆ. ಅವನಿಗೆ ಒಂಬತ್ತು ಸಾವಿರ, ಹಳೇ ಪತ್ರಿಕೆಗಳ ಜೆರಾಕ್ಸಿಗೆ ನಾಲ್ಕೋ ಐದೋ. ಮನೆಯಲ್ಲಿ ಹೇಳಿದ ಲೆಕ್ಕ ಇದರ ಅರ್ಧ. ಅವನು ಮೈಸೂರು, ಕರ್ನಾಟಕ ಎರಡನ್ನೂ ಬೇರೆ ಬೇರೆ ತಂಡ ಮಾಡಿಟ್ಟ. ರಾಜ್ಯದ ಹೆಸರು ಬದಲಾದದ್ದು 1973ರ ನವೆಂಬರ್ 1ಕ್ಕೆ ತಾನೆ? ಅದರ ಹಿಂದಿನದೆಲ್ಲ ಇನ್ನೊಂದು ಶೀಟಿನಲ್ಲಿ ಅನಾಥ. ಟೆಸ್ಟ್ ಆಡಲು ಶುರುಮಾಡಿ ಹತ್ತು ವರ್ಷವಾಗುತ್ತಿದ್ದ ಸ್ಪಿನ್ನರ್ ಚಂದ್ರಶೇಖರ್ ನನ್ನ ಲ್ಯಾಪ್‌ಟಾಪಿನಲ್ಲಿ ಹೊಸ ಹುಡುಗ! ಸರಿಮಾಡಲು ಒಂದು ಮಳೆಗಾಲ ಹೋಯಿತು.

ಕೈಹಿಡಿದ ಉಪಾಯ ಸಣ್ಣದು. ಯಾರನ್ನೂ ಬೇರೆ ಕಾಲದವರ ಜೊತೆ ಹೋಲಿಸಬೇಡಿ. ಒಬ್ಬನ ಅಂಕಿಯನ್ನು ಅದೇ ಪಂದ್ಯದಲ್ಲಿ ಮಿಕ್ಕವರು ವಿಕೆಟಿಗೆ ಎಷ್ಟು ಹೊಡೆದರು ಅನ್ನುವುದರಿಂದ ಭಾಗಿಸಿ. ತಕ್ಷಣ 705ರ ಗಾಳಿ ಇಳಿಯಿತು. ಕರುಣ್‌ನ 328 ಆಗಲೂ ಅಲ್ಲಾಡಲಿಲ್ಲ, ಅದು ನಿಜವಾದ ಸರಕು. ಆಮೇಲೆ ಎದುರಾಳಿಯ ತೂಕ ಸೇರಿಸಿದೆ. ಹದಿನೈದು ವರ್ಷ ಬಿಡದೆ ಗೆದ್ದಿದ್ದ ಬಾಂಬೆಯ ಎದುರು ಸೆಮಿಫೈನಲ್‌ನಲ್ಲಿ ವಿಶ್ವನಾಥ್ ಹೊಡೆದ 162ಕ್ಕೂ, ಸಪ್ಪೆ ತಂಡದ ಮೇಲಿನ 162ಕ್ಕೂ ಒಂದೇ ಬೆಲೆಯೇ? ಆ ತೂಕವನ್ನು ಎಷ್ಟಿಟ್ಟೆ ಅಂತ ಮಾತ್ರ ಕೇಳಬೇಡಿ, ಹೇಳಲ್ಲ.

ನಡುವೆ ಒಂದು ಹುಚ್ಚು. ನಮ್ಮ ಸ್ಪಿನ್ನರ್ ರಘುರಾಮ್ ಭಟ್ಟರನ್ನು ಎದುರಿಸಲು ಬಲಗೈ ಆಟಗಾರ ಗಾವಸ್ಕರ್ ಎಡಗೈಯಲ್ಲಿ ಆಡಿದ ಇನಿಂಗ್ಸ್ ಇದೆಯಲ್ಲ, ಅದನ್ನು ಬೇರೊಬ್ಬ ಆಟಗಾರನ ಹೆಸರಲ್ಲಿ ಹಾಕಿ ನೋಡಿದೆ. ಭಟ್ಟರ ಅಂಕ ಒಂದು ಕೂದಲೂ ಏರಲಿಲ್ಲ. ಎರಡು ಭಾನುವಾರ ಹಾಳು.

ತೊಂಬತ್ತರ ದಶಕ ಹೆಚ್ಚು ಕಾಡಿತು. ಕುಂಬ್ಳೆ, ಶ್ರೀನಾಥ್, ದ್ರಾವಿಡ್, ಪ್ರಸಾದ್, ಜೋಶಿ! ಕಾಗದದ ಮೇಲೆ ಅವರ ಮುಂದೆ ಯಾರು? ಆದರೆ ಅವರಲ್ಲಿ ಅರ್ಧ ಜನ ಅರ್ಧ ಸೀಸನ್ ಭಾರತದ ಜೊತೆ ಊರೂರು. ಮೈದಾನಕ್ಕೆ ಇಳಿದವರನ್ನಷ್ಟೇ ಎಣಿಸಿದಾಗ ಆ ತಂಡ ಮೂರನೇ ಸ್ಥಾನಕ್ಕೆ ಜಾರಿ, ಆಲ್‌ರೌಂಡರ್ ವಿಜಯ್ ಭಾರದ್ವಾಜ್ ನಾನು ಅಂದುಕೊಂಡದ್ದಕ್ಕಿಂತ ಎಷ್ಟೋ ಎತ್ತರಕ್ಕೆ ಬಂದ.

ಮೊದಲು ಬಂದದ್ದು ಪ್ರಸನ್ನನ ತಂಡ, ಬೌಲಿಂಗ್ ಬಲದಿಂದ. ಬ್ಯಾಟಿಂಗ್‌ನಲ್ಲಿ ವಿನಯನ ಹುಡುಗರೇ ಮೇಲು, ಒಟ್ಟಿನಲ್ಲಿ ಕೂದಲೆಳೆ ಹಿಂದೆ. ಹಿರಿಯರು ಕಾಫಿ ಕೊಡಿಸಿದರು, ಹುಡುಗರು ಈಗಲೂ ಮುಖ ಊದಿಸಿಕೊಂಡಿದ್ದಾರೆ. ಫಲಿತಾಂಶ ಮುಚ್ಚಿಟ್ಟು ಕರ್ನಾಟಕ ಆಡಿದ ಫೈನಲ್‌ಗಳನ್ನು ಯಾರು ಗೆದ್ದರು ಅಂತ ಕೇಳಿದರೆ ನನ್ನ ಲೆಕ್ಕ ಹತ್ತಕ್ಕೆ ಏಳು ಸರಿ ಹೇಳುತ್ತದೆ. ತಪ್ಪಿದ್ದರಲ್ಲಿ ಮೈಸೂರಿನಲ್ಲಿ ನಡೆದ 2009-10ರ ಫೈನಲ್ ಒಂದು. ಮನೀಶ್ ಪಾಂಡೆ 144 ಹೊಡೆದೂ ಮುಂಬೈಗೆ ಆರೇ ಆರು ರನ್ನಿನಿಂದ ಸೋತೆವು. ಅದನ್ನು ತಪ್ಪು ಅಂತ ನಾನಂತೂ ಬರೆದುಕೊಂಡಿಲ್ಲ.