ಓದಿ ಹಾಳಾದವನ ಉದ್ರಿ ಪುಸ್ತಕ

ಪೋಕರ್ ಎಂಬ ಇಸ್ಪೀಟು ಆಟವನ್ನು ಕಲಿಯುವ ಮೊದಲು ನಾನು ಚೆನ್ನಾಗಿ ಆಡುತ್ತಿದ್ದೆ. ತಮಾಷೆಗೆ ಹೇಳುತ್ತಿಲ್ಲ. 2019, 20ರ ಹೊತ್ತಿಗೆ ಮಲ್ಪೆಯ ಅಂಗಡಿಯ ಶಟರ್ ಎಳೆದು, ಮನೆಗೆ ಬಂದು ಊಟ ಮುಗಿಸಿ ಮೊಬೈಲ್ ಹಿಡಿದರೆ ಎದೆ ಹೊಡೆದುಕೊಂಡದ್ದೇ ಇಲ್ಲ. ಗಟ್ಟಿ ಕೈ, ಅಂದರೆ ಒಳ್ಳೆಯ ಕಾರ್ಡು, ಬಂದರೆ ಪಣ ಏರಿಸು, ಎದುರಿನವ ಸುಳ್ಳು ಹೇಳುತ್ತಾನೆ ಅನ್ನಿಸಿದರೆ ಕಾಲ್ ಮಾಡು, ಅಂದರೆ ಅವ ಹಾಕಿದಷ್ಟು ನೀನೂ ಹಾಕು. ಅಷ್ಟೇ ವಿದ್ಯೆ. ಎರಡು ವರ್ಷದಲ್ಲಿ 60,000ದಷ್ಟು ಮೇಲಿದ್ದೆ ಎಂದು ನೆನಪು. 2021ರ ಅಕ್ಟೋಬರಿನಲ್ಲಿ ಆನ್‌ಲೈನಿನ ಹಣದ ಆಟ ನಿಷೇಧಿಸುವ ರಾಜ್ಯದ ಕಾನೂನು ಬಂದು ಆಪುಗಳು ಬಂದ್ ಆದಾಗ ಗೆದ್ದವನ ಗತ್ತಿನಲ್ಲೇ ಎದ್ದಿದ್ದೆ.

2022ರ ಫೆಬ್ರವರಿಯಲ್ಲಿ ಹೈಕೋರ್ಟು ಆ ಕಾನೂನಿನ ಮುಖ್ಯ ಕಲಮುಗಳನ್ನು ರದ್ದು ಮಾಡಿತು. ಅಷ್ಟರೊಳಗೆ ಖಾಲಿ ಕೂತ ನಾಲ್ಕು ತಿಂಗಳಲ್ಲಿ ನನಗೆ ಕಲಿಯುವ ಹುಚ್ಚು ಹಿಡಿದಿತ್ತು. ಸರಿಯಾದ ಆಟ ಯಾವುದೆಂದು ಲೆಕ್ಕ ಹಾಕಿ ತೋರಿಸುವ ಸಾಲ್ವರ್ ತಂತ್ರಾಂಶ, ಒಂದು ಕೋರ್ಸು, ಎರಡು ಪುಸ್ತಕ, ಎಲ್ಲ ಸೇರಿ 45,000 ಆಗಿರಬೇಕು. ಮನೆಯಲ್ಲಿ ಹೇಳಿದ್ದು 12,000. ರೇಂಜು, ಬ್ಲಾಕರು, ಮೂರನೇ ಬೆಟ್ಟು ಎಂಬ ಆಟದ ಲೆಕ್ಕಗಳನ್ನೆಲ್ಲ ಇಲ್ಲಿ ಬಿಡುತ್ತೇನೆ. ಕಲಿತಷ್ಟೂ ನನ್ನ ಕೈ ನಡುಗತೊಡಗಿತು ಎಂಬುದಷ್ಟೇ ಇಲ್ಲಿ ವಿಷಯ.

ಗೋವಾದಲ್ಲಿ ಆದದ್ದು ಕೇಳಿ. 2023ರ ಕೊನೆಗೆ ಉಡುಪಿಯಿಂದ ರೈಲು ಹತ್ತಿ ಹೋಗಿದ್ದೆವು, ನಾವು ಮೂವರು. 100-200ರ ಟೇಬಲ್ (ಕಾರ್ಡು ನೋಡುವ ಮೊದಲೇ ಇಬ್ಬರು ಇಡಬೇಕಾದ ಬ್ಲೈಂಡ್ ಎಂಬ ಪಣ ಅದು), ಮುಂದೆ 20,000. ನನಗೆ ರಾಣಿ ಜೋಡಿ ಬಂತು. ಬಟನ್‌ನಲ್ಲಿದ್ದೆ (ಹಂಚುವವನ ಜಾಗ), 600ಕ್ಕೆ ಏರಿಸಿದೆ. ಸ್ಮಾಲ್ ಬ್ಲೈಂಡಿನವ, ಅಂದರೆ ಮೊದಲು 100 ಇಟ್ಟವ, 2,600 ಮಾಡಿದ. ಕಾಲ್. ಫ್ಲಾಪ್, ಅಂದರೆ ಎಲ್ಲರಿಗೂ ಸೇರಿ ಟೇಬಲಿನಲ್ಲಿ ಬಿಚ್ಚುವ ಮೊದಲ ಮೂರು ಕಾರ್ಡು: ಗುಲಾಮ, 7, 2, ಮೂರೂ ಬೇರೆ ಬೇರೆ ಜಾತಿ. ಅವ 1,800 ಹಾಕಿದ, ಕಾಲ್. ಟರ್ನ್‌ನಲ್ಲಿ (ನಾಲ್ಕನೆಯ ಕಾರ್ಡು) ರಾಜ. 6,000, ಅದಕ್ಕೂ ಕಾಲ್. ರಿವರ್ (ಐದನೆಯ, ಕೊನೆಯ ಕಾರ್ಡು) ಒಂದು ಕೆಲಸಕ್ಕೆ ಬಾರದ 3. ಅವ ಉಳಿದ 9,600 ಪೂರ್ತಿ ನೂಕಿದ. ನಡುವೆ ಆಗಲೇ 21,000 ಇತ್ತು. ಅಂದರೆ ನಾಲ್ಕರಲ್ಲಿ ಒಂದು ಸಲ ನಾನು ಗೆಲ್ಲುವ ಹಾಗಿದ್ದರೂ ಕಾಲ್ ಮಾಡಬೇಕು.

ಹಳೆಯ ನಾನಾಗಿದ್ದರೆ ಅವನ ಮುಖ ನೋಡಿ ಕಾಲ್ ಮಾಡಿ ಚಹಾ ಹೇಳುತ್ತಿದ್ದೆ. ಕಲಿತವನು ಎಣಿಸಲು ಕೂತ. ಎಕ್ಕ-ರಾಜ 12 ಬಗೆ, ಎಕ್ಕದ ಜೋಡಿ 6, ರಾಜನ ಜೋಡಿ 3, ಗುಲಾಮನ ಜೋಡಿ 3. ನನ್ನನ್ನು ಹೊಡೆಯುವವು 24. ಅವನ ಹತ್ತಿರ 8 ಬಗೆ ಸುಳ್ಳಿದ್ದರೆ ಸಾಕು, 32ರಲ್ಲಿ 8, ನಾಲ್ಕರಲ್ಲಿ ಒಂದು. ಒಂದೇ ಜಾತಿಯ ಎಕ್ಕ-5 ನಾಲ್ಕು, ಎಕ್ಕ-4 ನಾಲ್ಕು. ಸರಿಯಾಗಿ 8! ಆದರೆ ಈ ಮನುಷ್ಯ ಎಕ್ಕ-4ರಲ್ಲಿ ಹಾಗೆ ಏರಿಸುವ ಜನವಾ? ಟರ್ನ್‌ನಲ್ಲಿ ಮತ್ತೆ ಹಾಕುವ ಧೈರ್ಯ ಉಂಟಾ? ಹೀಗೆ ಸುತ್ತು ಹೊಡೆಯುತ್ತಿದ್ದಾಗ ಬೇಗ ನಿರ್ಧರಿಸಲಿ ಎಂದು ಯಾರೋ ಟೈಮ್ ಕೇಳಿದರು. ಕಾರ್ಡು ಎಸೆದುಬಿಟ್ಟೆ. ಅವ ನಗುತ್ತಾ ತೋರಿಸಿದ: ಡೈಮಂಡಿನ ಎಕ್ಕ, ಡೈಮಂಡಿನ 5.

ಆ ಪ್ರವಾಸದಲ್ಲಿ ಹೋದದ್ದು 40,000ದ ಆಸುಪಾಸು. ವಾಪಸು ಬರುವಾಗ ಕಾರವಾರ ದಾಟುವವರೆಗೆ ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ ಹೇಳಿದ, "ನೀನು ಓದಿ ಹಾಳಾದೆ ಮಾರಾಯ. ಮೊದಲೇ ಒಳ್ಳೆಯದಿತ್ತು."

ಧೈರ್ಯ ತಂದುಕೊಳ್ಳಲು ಏನೇನೋ ಮಾಡಿದೆ. ಪ್ರಾಣಾಯಾಮ, ಒಂದು ತಿಂಗಳು ಆಟವೇ ಬಿಡುವುದು, ಸಾಲ್ವರ್ ಮುಚ್ಚಿ ಹಳೆಯ ಹಾಗೆ ಮುಖ ನೋಡಿ ಆಡುವುದು. ಕೊನೆಯದ್ದು ಎಲ್ಲಕ್ಕಿಂತ ದುಬಾರಿಯಾಯಿತು, 18,000. ಕಲಿತದ್ದನ್ನು ಮರೆಯಲಿಕ್ಕೆ ಆಗುವುದಿಲ್ಲ, ಅರ್ಧ ಮರೆತಂತೆ ನಟಿಸಲಿಕ್ಕೆ ಮಾತ್ರ ಆಗುತ್ತದೆ.

ದಾರಿ ಸಿಕ್ಕಿದ್ದು ಅಂಗಡಿಯಲ್ಲಿ. ನಮ್ಮದು ಬೋಟಿನ ಇಂಜಿನ್ನಿನ ಸ್ಪೇರ್ ಪಾರ್ಟ್ಸ್. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಗೆ ನಿಷೇಧ, ಬೋಟೆಲ್ಲ ದಡದಲ್ಲಿ. ರಿಪೇರಿ ಆಗುವುದೂ ಆಗಲೇ, ದುಡ್ಡು ಇಲ್ಲದಿರುವುದೂ ಆಗಲೇ. ಹಾಗಾಗಿ ಎಲ್ಲವೂ ಉದ್ರಿ. ಅಪ್ಪ ಉದ್ರಿ ಪುಸ್ತಕದಲ್ಲಿ ಹೆಸರಿನ ಪಕ್ಕ ಪೆನ್ಸಿಲಿನ ಚುಕ್ಕೆ ಇಡುತ್ತಿದ್ದರು. ಒಂದು ಚುಕ್ಕೆ ಎಂದರೆ ಖಂಡಿತ ಕೊಡುತ್ತಾನೆ, ಮೂರು ಎಂದರೆ ದೇವರೇ ಗತಿ. ದೀಪಾವಳಿಗೆ ಕೂತು ಚುಕ್ಕೆಗೂ ಬಂದ ದುಡ್ಡಿಗೂ ತಾಳೆ ನೋಡುತ್ತಿದ್ದರು. ಯಾರು ಕೊಡಲಿಲ್ಲ ಎಂದಲ್ಲ, ತನ್ನ ಚುಕ್ಕೆ ಎಲ್ಲಿ ತಪ್ಪಿತು ಎಂದು. 2024ರ ಜೂನಿನಲ್ಲಿ ಆ ಪುಸ್ತಕ ತಿರುಗಿಸುತ್ತಿದ್ದಾಗ ಹೊಳೆಯಿತು.

ಅತಿ ಸಣ್ಣ ಟೇಬಲಿಗೆ ಇಳಿದೆ, 1-2, ಮುಂದೆ ಬರೀ 200 ರೂಪಾಯಿ. ರಿವರ್‌ನಲ್ಲಿ ಎದುರಿನವ ಬೆಟ್ ಹಾಕಿದ ಕೂಡಲೇ, ಗುಂಡಿ ಒತ್ತುವ ಮೊದಲು, ನೋಟುಬುಕ್ಕಿನಲ್ಲಿ ಒಂದು ಸಂಖ್ಯೆ: ನೂರರಲ್ಲಿ ಎಷ್ಟು ಸಲ ನಾನು ಗೆಲ್ಲುತ್ತೇನೆ? 10, 20, 30, ಹೀಗೆ ಹತ್ತರ ಲೆಕ್ಕದಲ್ಲಿ. ನಂತರ ಏನಾಯಿತು ಎಂದು ಪಕ್ಕದಲ್ಲಿ ಗೆರೆ. ಗೆದ್ದ ದುಡ್ಡು ಬರೆಯಲೇ ಇಲ್ಲ. ನೂರು ಕೈಗೆ 5 ಬ್ಲೈಂಡ್ ಗೆಲ್ಲುವವನೂ 10,000 ಕೈ ಆಡಿದ ಮೇಲೆ ಏಳೆಂಟು ಬೈ-ಇನ್ (ಟೇಬಲಿಗೆ ಕೂರುವಾಗ ಮುಂದಿಡುವ ದುಡ್ಡು) ಆಚೀಚೆ ತೂಗುತ್ತಿರುತ್ತಾನೆ. ದುಡ್ಡು ನೋಡಿ ಧೈರ್ಯ ಅಳೆಯುವುದೆಂದರೆ ಅಲೆ ನೋಡಿ ಭರತ ಇಳಿತ ಹೇಳಿದ ಹಾಗೆ.

ಗೆಳೆಯರು ನಕ್ಕರು. "ಇಪ್ಪತ್ತು ಸಾವಿರದಿಂದ ಇನ್ನೂರಕ್ಕೆ ಬಂದ, ಇನ್ನು ಚೆನ್ನೆಮಣೆಗೆ ಇಳಿಯುತ್ತಾನೆ!"

ಮೊದಲ ತಪ್ಪು ಮೂರು ವಾರ ಬಿಟ್ಟು ಗೊತ್ತಾಯಿತು. ಕಾರ್ಡು ಎಸೆದ ಕೈಗಳ ಉತ್ತರವೇ ಸಿಗುವುದಿಲ್ಲ! ಹೆದರಿ ಬಿಟ್ಟದ್ದೆಲ್ಲ ಪುಸ್ತಕದಲ್ಲಿ ಖಾಲಿ. ಉದ್ರಿ ಕೊಡದೆ ಓಡಿಸಿದವ ಒಳ್ಳೆಯವನೋ ಕೆಟ್ಟವನೋ ಅಪ್ಪನಿಗೂ ಗೊತ್ತಾಗುತ್ತಿರಲಿಲ್ಲ ತಾನೆ? ಹಾಗಾಗಿ "20" ಎಂದು ಬರೆದ, ಅಂದರೆ ಎಸೆಯುತ್ತಿದ್ದ ಕೈಗಳಲ್ಲಿ ಕೆಲವನ್ನು ಬೇಕೆಂದೇ ಕಾಲ್ ಮಾಡತೊಡಗಿದೆ. ಯಾವ ಕೆಲವು ಎಂಬುದನ್ನು ಆರಿಸುವ ಕ್ರಮ ಒಂದುಂಟು, ಅದನ್ನು ಹೇಳುವುದಿಲ್ಲ. ಈಗ ಶನಿವಾರ ನನ್ನೊಡನೆ ಆಡುವವರೂ ಇದನ್ನು ಓದುತ್ತಾರೆ.

ನಡುವೆ ಇನ್ನೊಂದು ಹುಚ್ಚು. ಆಟಿ ತಿಂಗಳ ಮಳೆಗೆ ಕರೆಂಟು ಹೋಗಿದ್ದ ದಿನಗಳಲ್ಲಿ ಮಗಳನ್ನು ಕೂರಿಸಿಕೊಂಡು, ನನ್ನ ಕೈಯಲ್ಲಿ ಒಂದು ಜೋಡಿ ಇಟ್ಟು, ಫ್ಲಾಪ್‌ನಲ್ಲಿ ಮೂರನೆಯದು ಎಷ್ಟು ಸಲ ಬರುತ್ತದೆ ಎಂದು ಹಾಕಿ ನೋಡಿದೆವು. ನೂರಕ್ಕೆ ಹನ್ನೆರಡರ ಹತ್ತಿರ ಬರಬೇಕು. ಮೊದಲ ನೂರರಲ್ಲಿ ಬಂದದ್ದು ಆರೇ. ಮಗಳು "ಕಾರ್ಡು ಹಾಳಾಗಿದೆ ಅಪ್ಪಾ" ಎಂದಳು. 300 ಆಗುವಾಗ 33. ಇದರಿಂದ ಆಟಕ್ಕೆ ಏನೂ ಉಪಯೋಗ ಆಗಲಿಲ್ಲ, ಮಗಳಿಗೆ ಶೇಕಡಾ ಲೆಕ್ಕ ಬಂತು.

ಅಕ್ಟೋಬರ್ ಕೊನೆಗೆ 1,100 ಚಿಲ್ಲರೆ ಸಾಲು. ಅಪ್ಪನ ಹಾಗೆ ದೀಪಾವಳಿಗೇ ಕೂತೆ. 50, 60 ಎಂದು ಬರೆದಲ್ಲಿ ಬಹುತೇಕ ಸರಿ. 90 ಎಂದಲ್ಲಿ ಗೆದ್ದದ್ದು 75ರಷ್ಟು. ಹಳೆಯ ಗತ್ತಿನ ಪಳೆಯುಳಿಕೆ ಅದು. ತಮಾಷೆ ಇದ್ದದ್ದು ಕೆಳಗೆ. 20 ಎಂದು ಬರೆದು ಬೇಕೆಂದೇ ಕಾಲ್ ಮಾಡಿದ 110 ಕೈಗಳಲ್ಲಿ 41 ಗೆದ್ದಿದ್ದೆ, ನೂರಕ್ಕೆ 37! ಒಂದೊಂದಕ್ಕೆ 80 ರೂಪಾಯಿಯ ಅಂದಾಜಿನಲ್ಲಿ ಕಲಿಕೆಯ ಶುಲ್ಕ ಎಂದು 8,800 ಬದಿಗಿಟ್ಟಿದ್ದೆ. ಕೂಡಿಸಿ ಕಳೆದರೆ ನಾಲ್ಕು ಸಾವಿರ ಲಾಭವೇ ಬಂದಿತ್ತು.

ಅಂದರೆ ನನ್ನ ಹೆದರಿಕೆ ಆಟದ ತುಂಬ ಇರಲಿಲ್ಲ. ಟರ್ನ್‌ನಲ್ಲಿ ದೊಡ್ಡ ಕಾರ್ಡು ಬಿದ್ದು, ಎದುರಿನವ ಮತ್ತೆ ಬೆಟ್ ಹಾಕಿದಾಗ ಮಾತ್ರ. ಉಳಿದ ಕಡೆ ನಾನು ಅನುಮಾನಿಸುತ್ತಿದ್ದುದು ನ್ಯಾಯವಾಗಿಯೇ ಇತ್ತು. ನನ್ನ 60 ನಿಜಕ್ಕೂ 60. ಮೊದಲು ಅದನ್ನೇ 90 ಎಂದುಕೊಂಡು ನಿಶ್ಚಿಂತೆಯಿಂದಿದ್ದೆ, ಅಷ್ಟೆ. ಸಣ್ಣ ಟೇಬಲಿನವರು ಸುಳ್ಳು ಬೇರೆ ಥರ ಹೇಳುತ್ತಾರೆ, ಈ 37ನ್ನು ಹಾಗೆಯೇ ಗೋವಾಕ್ಕೆ ಒಯ್ಯಬಾರದು ಎಂಬುದು ಗೊತ್ತುಂಟು. ನಾನು 28 ಎಂದು ಇಟ್ಟುಕೊಂಡೆ. ಯಾಕೆ 28 ಎಂದು ಕೇಳಬೇಡಿ.

2025ರ ಫೆಬ್ರವರಿಯಲ್ಲಿ ಮತ್ತೆ ಗೋವಾ. ಮೂರು ರಾತ್ರಿಯಲ್ಲಿ 31,000 ಮೇಲೆ. ಮೂರು ರಾತ್ರಿಯಿಂದ ಏನೂ ಸಾಬೀತಾಗುವುದಿಲ್ಲ ಎಂದು ನಾನೇ ಮೇಲೆ ಬರೆದಿದ್ದೇನೆ, ಆದರೂ ಹೇಳದೆ ಇರಲಿಕ್ಕೆ ಆಗುವುದಿಲ್ಲ. ಎರಡು ಸಲ ಅದೇ ಥರದ ಜಾಗ ಬಂತು, ಎರಡು ಸಲವೂ ಕಾಲ್ ಮಾಡಿದೆ, ಒಂದು ಸೋತೆ. ಸೋತದ್ದರಲ್ಲಿ ಕೈ ನಡುಗಲಿಲ್ಲ. "ಓದಿ ಹಾಳಾದೆ" ಎಂದವ ಈಗ ತಾನೂ ಒಂದು ನೋಟುಬುಕ್ ತಂದಿದ್ದಾನೆ, ಬರೆಯುವುದು ಮಾತ್ರ ಗೆದ್ದ ಮೇಲೆ.

ಆಗಸ್ಟಿನಲ್ಲಿ ಕೇಂದ್ರದ ಕಾನೂನು ಬಂದು ಆನ್‌ಲೈನಿನ ಹಣದ ಆಟ ನಿಂತಿತು. ಈಗ ಶನಿವಾರ ರಾತ್ರಿ ಗೆಳೆಯನ ಮನೆಯಲ್ಲಿ ಚೆನ್ನೆಮಣೆಯ ಕೆಂಪು ಬೀಜ ಇಟ್ಟು ಆಡುತ್ತೇವೆ, ಅವರ ನಗೆ ನಿಜವಾಯಿತು. ಕೊನೆಗೆ ಉಳಿದವ ಭಾನುವಾರ ಬೆಳಿಗ್ಗೆ ಎಲ್ಲರಿಗೂ ಬನ್ಸ್ ತರಬೇಕು. ಬೀಜ ಹೋದರೆ ಯಾರಿಗೂ ನೋವಿಲ್ಲ, ಹಾಗಾಗಿ ಎಲ್ಲರೂ ಯದ್ವಾತದ್ವಾ ಸುಳ್ಳು ಹೇಳುತ್ತಾರೆ. ಅಲ್ಲಿನ "20" ಐವತ್ತರ ಹತ್ತಿರ ಬರುತ್ತಿದೆ. ಅದನ್ನು ಬೇರೆಯೇ ಪುಸ್ತಕದಲ್ಲಿ ಬರೆಯುತ್ತಿದ್ದೇನೆ.